ಸಿಡಿಲು ಬಡಿಯದ ಮನೆಯಲ್ಲೂ ಮೋಡೆಮ್ ಸುಡುವುದೇಕೆ?

ಪತ್ತನಾಜೆಗೆ ಮುಂಚಿನ ಸಂಜೆಗಳಲ್ಲಿ, ಆಮೇಲೆ ದೀಪಾವಳಿಯ ಆಸುಪಾಸಿನಲ್ಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಮೋಡ ಕಪ್ಪಾದೊಡನೆ ಟಿವಿ, ಮೋಡೆಮ್, ಪಂಪಿನ ಪ್ಲಗ್ ಕೀಳುತ್ತಾರೆ. ಆಟಿಯ ಜಡಿಮಳೆಯಲ್ಲಿ ಸಿಡಿಲು ಅಪರೂಪ, ಆಗ ಈ ಗಡಿಬಿಡಿಯಿಲ್ಲ. ಮಾಡಿನ ಮೇಲೆ ಮಿಂಚುಬಂಧಕ ನಿಲ್ಲಿಸಿದವರು ಮಾತ್ರ ಇನ್ನು ಭಯವಿಲ್ಲವೆಂದು ಪ್ಲಗ್ಗನ್ನು ಮರೆಯುತ್ತಾರೆ. ತಪ್ಪಿರುವುದು ಇಲ್ಲಿಯೇ.

ಮಿಂಚಿನ ದಾರಿಯೆಂದರೆ ಪ್ಲಾಸ್ಮಾ. ಸುಮಾರು 30,000 ಡಿಗ್ರಿ ಕಾದ ಗಾಳಿಯಲ್ಲಿ ಪರಮಾಣುಗಳು ಇಲೆಕ್ಟ್ರಾನು, ಅಯಾನುಗಳಾಗಿ ಒಡೆದಿರುತ್ತವೆ. ಅದರೊಳಗೆ ಕೆಲವೇ ಮೈಕ್ರೊಸೆಕೆಂಡಿನಲ್ಲಿ 30,000 ಆಂಪಿಯರ್‌ನಷ್ಟು ಪ್ರವಾಹ ಏರುತ್ತದೆ. ಆ ಪ್ರವಾಹ ಸುತ್ತಲೂ ಎಬ್ಬಿಸುವ ಕಾಂತಕ್ಷೇತ್ರವು ಪ್ಲಾಸ್ಮಾವನ್ನೇ ಒಳಕ್ಕೆ ಹಿಂಡುತ್ತದೆ. ಆಸ್ಟ್ರೇಲಿಯಾದಲ್ಲಿ ಮಿಂಚುಬಂಧಕವಾಗಿದ್ದ ಟೊಳ್ಳು ತಾಮ್ರದ ಕೊಳವೆಯೊಂದು ಸಿಡಿಲಿಗೆ ನಜ್ಜುಗುಜ್ಜಾದಾಗ, 1905ರಲ್ಲಿ ಪೊಲಾಕ್ ಮತ್ತು ಬ್ಯಾರಕ್ಲಾ ಇದೇ ಹಿಂಡುವಿಕೆಯನ್ನು ಕಾರಣವೆಂದು ಹೇಳಿದರು. ಗಾಳಿಯಲ್ಲಿ ಮಾತ್ರ ಹಿಂಡುವ ಬಲಕ್ಕಿಂತ ಕಾದ ಗಾಳಿಯ ಒತ್ತಡವೇ ಮೇಲು. ಅದು ಥಟ್ಟನೆ ಹಿಗ್ಗುತ್ತದೆ, ನಮಗೆ ಗುಡುಗು ಕೇಳುತ್ತದೆ.

ಗಾಂಧಿನಗರದಲ್ಲಿ 1989ರಿಂದ ನಡೆದ 'ಆದಿತ್ಯ' ಟೋಕಮಾಕ್, ಅಂದರೆ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರ, ಪ್ರವಾಹಕ್ಕೂ ಕಾಂತಕ್ಷೇತ್ರಕ್ಕೂ ಇರುವ ಈ ನಂಟನ್ನು ಬೇಕೆಂದೇ ಬಳಸಿಕೊಂಡಿತು. ಸುರುಳಿಯಲ್ಲಿ ಪ್ರವಾಹ ಬೇಗ ಬದಲಾದರೆ ಕಾಂತಕ್ಷೇತ್ರ ಮಿಡಿಯುತ್ತದೆ, ಆ ಮಿಡಿತ ಪ್ಲಾಸ್ಮಾದಲ್ಲಿ ಪ್ರವಾಹ ಎಬ್ಬಿಸುತ್ತದೆ. ನಮ್ಮ ಅಡಿಕೆ ತೋಟದಲ್ಲಿ ನಡೆಯುವುದು ಇದರ ತಿರುಗುಮುರುಗು: ಪ್ಲಾಸ್ಮಾದ ಮಿಡಿತ ನಮ್ಮ ವಯರುಗಳಲ್ಲಿ ಪ್ರವಾಹ ಎಬ್ಬಿಸುತ್ತದೆ.

ಲೆಕ್ಕ ಹಾಕಿ ನೋಡಿ. ಸಿಡಿಲು ಹತ್ತು ಮೀಟರ್ ದೂರದ ತೆಂಗಿನ ಮರಕ್ಕೆ ಬಡಿದು, 30,000 ಆಂಪಿಯರ್ ಪ್ರವಾಹ 3 ಮೈಕ್ರೊಸೆಕೆಂಡಿನಲ್ಲಿ ಏರಿತೆನ್ನಿ. ಕರೆಂಟಿನ ವಯರೂ ಕೇಬಲಿನ ವಯರೂ ಬೇರೆ ಬೇರೆ ದಾರಿಯಲ್ಲಿ ಬಂದು ಮೋಡೆಮಿನಲ್ಲಿ ಕೂಡಿ 10 ಚದರ ಮೀಟರಿನ ಕುಣಿಕೆಯಾಗಿದ್ದರೆ, ಅಲ್ಲಿ ಸುಮಾರು 2,000 ವೋಲ್ಟ್ ಹುಟ್ಟುತ್ತದೆ. ಮನೆಗೆ ಸಿಡಿಲು ಸೋಕಿರುವುದೇ ಇಲ್ಲ! ಮಿಂಚುಬಂಧಕಕ್ಕೇ ಬಡಿದರಂತೂ ಅದೇ ಪ್ರವಾಹ ಗೋಡೆಗೆ ಒತ್ತಿದ ಪಟ್ಟಿಯಲ್ಲೇ ಇಳಿಯುತ್ತದೆ. ಒಳಗಿನ ವಯರಿಂಗಿಗೆ ಒಂದೆರಡು ಮೀಟರ್ ಅಂತರವಷ್ಟೆ.

ಹಾಗೆಂದು ಕಡ್ಡಿ ಕಿತ್ತೆಸೆಯಿರಿ ಎನ್ನುತ್ತಿಲ್ಲ. ಮಾಡು ಒಡೆಯದಂತೆ, ಬೆಂಕಿ ಹತ್ತದಂತೆ ಅದು ಕಾಯುತ್ತದೆ. ಆದರೆ ನಾವು ಅದನ್ನು ಕೂರಿಸುವ ಕ್ರಮ ಅರೆಬರೆ. ಬಂಧಕಕ್ಕೊಂದು ಗುಂಡಿ, ಮೀಟರ್ ಬೋರ್ಡಿಗೊಂದು, ಇನ್ವರ್ಟರಿಗೆ ಮತ್ತೊಂದು ಅರ್ತಿಂಗ್. ಒಂದನ್ನೊಂದು ಜೋಡಿಸುವವರು ಕಡಿಮೆ. ಸಿಡಿಲಿನ ಗಳಿಗೆಯಲ್ಲಿ ಈ ಗುಂಡಿಗಳ ನಡುವೆಯೇ ಸಾವಿರಾರು ವೋಲ್ಟ್ ಅಂತರ ಬೀಳಬಹುದು. ನಮ್ಮ ಮುರಕಲ್ಲಿನ ನೆಲವೋ, ಸಿಡಿಲು ಜೋರಾಗುವ ಏಪ್ರಿಲ್-ಮೇ ಹೊತ್ತಿಗೇ ಒಣಗಿ ಕರೆಂಟಿಗೆ ದಾರಿ ಕೊಡದಂತಾಗಿರುತ್ತದೆ. ಒಂದೇ ಕಡ್ಡಿ ಸುತ್ತಲ ನೂರು ಮೀಟರ್ ಕಾಯುತ್ತದೆಂದು ಮಾರುವ ದುಬಾರಿ ಸಾಧನಗಳ ಮಾತನ್ನು ನಾನು ಒಪ್ಪಲಾರೆ. ಅಂಥ ವಿಸ್ತಾರದ ರಕ್ಷಣೆಯನ್ನು ಬಯಲಿನ ಪರೀಕ್ಷೆಗಳು ತೋರಿಸಿಕೊಟ್ಟಿಲ್ಲ.

ಆ ಹಣದಲ್ಲಿ ಅರ್ತಿಂಗ್‌ಗಳನ್ನೆಲ್ಲ ಒಂದಕ್ಕೊಂದು ಕೂಡಿಸಿ. ಮೇನ್ ಬೋರ್ಡಿಗೆ ಸರ್ಜ್ ತಡೆ ಸಾಧನ ಹಾಕಿಸಿ. ಕೇಬಲನ್ನೂ ಕರೆಂಟಿನ ವಯರನ್ನೂ ಒಂದೇ ಬದಿಯಿಂದ ಒಳಗೆ ತನ್ನಿ, ಕುಣಿಕೆ ಕಿರಿದಾಗುತ್ತದೆ. ಪ್ಲಗ್ ಕೀಳುವ ರೂಢಿಯನ್ನಂತೂ ಬಿಡಬೇಡಿ. ಆದರೆ ಕೀಳುವುದಿದ್ದರೆ ಗುಡುಗು ಕೇಳುವ ಮೊದಲೇ ಕೀಳಿ. ಕೇಳಿದ ಮೇಲೆ ಪ್ಲಗ್ಗಿಗೂ ವಯರಿಗೂ ಕೈ ಹಾಕಬೇಡಿ.