ಸಭಿಕನ ಪಾಲು: ಮಿತಾಕ್ಷರೆಯ ದ್ಯೂತಪ್ರಕರಣವೂ ಇಂದಿನ ವಿಡಿಯೋ ಆಟಗಳೂ

ವಿಡಿಯೋ ಆಟಗಳನ್ನು ಕುರಿತು ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿಯೂ ಪರದೇಶಗಳಲ್ಲಿಯೂ ನಡೆದಿರುವ ವಾದವು ಎರಡು ಕವಲುಗಳಾಗಿ ಹರಿದಿದೆ. ಆಟವನ್ನು ಕೈಗೆ ಕೊಟ್ಟ ಮೇಲೆ ಅದರೊಳಗೆ ಮತ್ತೆ ಮತ್ತೆ ಹಣಕ್ಕೆ ಮಾರುವ ಉಡುಗೆ, ಆಯುಧ, ಮುಚ್ಚಿದ ಪೆಟ್ಟಿಗೆ ಮೊದಲಾದ ಹೆಚ್ಚುವರಿ ಪದಾರ್ಥಗಳು ನ್ಯಾಯವೇ ಎಂಬುದು ಒಂದು. ಹಣದ ಬಹುಮಾನವನ್ನಿಟ್ಟು ಪಂದ್ಯವಾಗಿ ಆಡುವ ಈ ಆಟಗಳು ಕ್ರೀಡೆಯೋ ದ್ಯೂತವೋ ಎಂಬುದು ಇನ್ನೊಂದು. ಇಂತಹ ವಿಷಯಕ್ಕೆ ಸಂಶೋಧನ ಪತ್ರಿಕೆಯಲ್ಲಿ ಎಡೆಯೇಕೆಂದು ಕೆಲವರು ವಾಚಕರು ಕೇಳಬಹುದು. ಈ ವಾದಕ್ಕೆ ಬೇಕಾದ ಪರಿಭಾಷೆಯು ನಮ್ಮಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಸಿದ್ಧವಾಗಿದ್ದಿತೆಂಬುದೂ, ಅದು ಸಿದ್ಧವಾದುದು ಕಲಬುರಗಿಯ ಸೀಮೆಯಲ್ಲೆಂಬುದೂ ನಮ್ಮ ಉತ್ತರ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೊಗರಿಯ ಹೊಲಗಳ ನಡುವಣ ಹಳ್ಳಿಗಳಲ್ಲಿ ಮೊಬೈಲ್ ಯಂತ್ರವು ಇಂದು ಅಪರೂಪದ ವಸ್ತುವಲ್ಲ. ಕೊರಿಯಾ ದೇಶದ ಕ್ರಾಫ್ಟನ್ ಸಂಸ್ಥೆಯವರು ೨೦೨೧ರ ಜುಲೈಯಲ್ಲಿ ಭಾರತಕ್ಕಾಗಿ ಹೊರತಂದ ಯುದ್ಧದ ಆಟಕ್ಕೆ ಪ್ರವೇಶಧನವಿಲ್ಲ; ಭೀಮಾತೀರದ ಹುಡುಗನು ಜಿಲ್ಲೆಯ ಊರಿಗೂ ಹೋಗದೆ ಬೆಂಗಳೂರು ಮುಂಬಯಿಗಳ ಆಟಗಾರರೊಡನೆ ಸರಿಸಮವಾಗಿ ಸೆಣಸಬಹುದು. ಸಣ್ಣ ಊರಿನವನಿಗೆ ಬೇರೆ ಯಾವ ಸ್ಪರ್ಧೆಯೂ ಇಷ್ಟು ಸುಲಭವಾಗಿ ಬಾಗಿಲು ತೆರೆದಿಲ್ಲ. ಇದನ್ನು ಒಪ್ಪದೆ ಬರಿಯ ಖಂಡನೆಗೆ ತೊಡಗುವ ಲೇಖಕರು ಹೊಲವನ್ನು ನೋಡದೆ ಬೆಳೆಯನ್ನು ಅಳೆಯುವವರು. ಆದರೆ ತೆರೆದ ಬಾಗಿಲಿನ ಒಳಗೆ ಅಂಗಡಿಯೊಂದಿದೆಯೆಂಬುದೂ ಅಷ್ಟೇ ನಿಜವಾದುದು.

ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (೧೦೭೬–೧೧೨೬) ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಶಹಾಬಾದಿನ ಸಮೀಪದ ಮರತೂರಿನವನೆಂದು ಪ್ರಸಿದ್ಧಿಯಿದೆ. ಅದು ಜೇವರ್ಗಿಗೆ ಭೀಮೆಯ ಆಚೆಯ ದಡದ ಸೀಮೆ. ದಾಯಭಾಗಕ್ಕಾಗಿ ಆ ಗ್ರಂಥವನ್ನು ನ್ಯಾಯಾಲಯಗಳು ಶತಮಾನಗಳ ಕಾಲ ತಿರುವಿಹಾಕಿವೆ. ಅದೇ ವ್ಯವಹಾರಾಧ್ಯಾಯದ ದ್ಯೂತಸಮಾಹ್ವಯ ಪ್ರಕರಣವನ್ನು ಓದಿದವರು ಕಡಮೆ. ಪ್ರಾಣವಿಲ್ಲದ ಸಾಧನಗಳಿಂದ ಪಣವಿಟ್ಟು ಆಡುವುದು ದ್ಯೂತ, ಕೋಳಿ ಟಗರು ಮುಂತಾದ ಪ್ರಾಣಿಗಳಿಂದ ಆಡಿಸುವುದು ಸಮಾಹ್ವಯ. ಎರಡಕ್ಕೂ ವಿಧಿಯೊಂದೇ.

ಈ ಪ್ರಕರಣದಲ್ಲಿ ನಮ್ಮ ಗಮನವನ್ನು ಸೆಳೆಯುವವನು ಆಟಗಾರನಲ್ಲ, ಸಭಿಕನು. ಎಂದರೆ ಜೂಜಿನ ಮನೆಯನ್ನು ನಡೆಯಿಸುವವನು. ಪಣವು ನೂರಕ್ಕೆ ಮುಟ್ಟಿದಲ್ಲಿ ಆತನು ನೂರಕ್ಕೆ ೫ರಂತೆಯೂ, ಅದಕ್ಕೆ ಕಡಮೆಯಾದಲ್ಲಿ ನೂರಕ್ಕೆ ೧೦ರಂತೆಯೂ ತೆಗೆದುಕೊಳ್ಳಬೇಕು. ಅರಸನ ರಕ್ಷಣೆಯನ್ನು ಪಡೆದುದಕ್ಕೆ ಒಪ್ಪಿದ ಭಾಗವನ್ನು ಅರಸನಿಗೆ ಸಲ್ಲಿಸಬೇಕು. ಸೋತವನಿಂದ ಹಣವನ್ನು ವಸೂಲುಮಾಡಿ ಗೆದ್ದವನಿಗೆ ತಲಪಿಸಬೇಕು. ವಿವಾದವೆದ್ದರೆ ಅಲ್ಲಿ ಆಡುವವರೇ ನಿರ್ಣಾಯಕರು, ಅವರೇ ಸಾಕ್ಷಿಗಳು. ಮೋಸದ ದಾಳದಿಂದ ಆಡುವವನಿಗೆ ಮೈಮೇಲೆ ಮುದ್ರೆಯೊತ್ತಿ ದೇಶದಿಂದ ಹೊರಗಟ್ಟುವುದು ಶಿಕ್ಷೆ. ಮನುವು ದ್ಯೂತವನ್ನು ಪೂರ್ಣವಾಗಿ ನಿಷೇಧಿಸಿರುವನಲ್ಲ ಎಂಬ ಆಕ್ಷೇಪಕ್ಕೆ ವಿಜ್ಞಾನೇಶ್ವರನ ಸಮಾಧಾನವು ಸ್ವಾರಸ್ಯವಾಗಿದೆ: ಆ ನಿಷೇಧವು ಕಪಟದ ದಾಳದ ಆಟಕ್ಕೂ, ರಾಜಾಧ್ಯಕ್ಷನೂ ಸಭಿಕನೂ ಇಲ್ಲದೆ ಮರೆಯಲ್ಲಿ ನಡೆಯುವ ಆಟಕ್ಕೂ ಅನ್ವಯಿಸತಕ್ಕದ್ದೆಂದು ಅವನು ಹೊಂದಿಸುತ್ತಾನೆ. ಆಟದಲ್ಲಿ ಕೌಶಲವೆಷ್ಟು, ದೈವವೆಷ್ಟು ಎಂಬ ಪ್ರಶ್ನೆಯನ್ನು ಅವನು ಎತ್ತುವುದೇ ಇಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು ಗೆದ್ದನೆಂದೂ, ಶಕುನಿಯ ಕೈಚಳಕಕ್ಕೆ ಧರ್ಮರಾಯನು ಸೋತನೆಂದೂ ನಮ್ಮ ಓದುಗರು ಬಲ್ಲರು. ದಾಳದಲ್ಲಿಯೂ ವಿದ್ಯೆಯುಂಟು, ವಿದ್ಯೆಯುಂಟೆಂಬ ಮಾತ್ರಕ್ಕೆ ನೆತ್ತವು ದ್ಯೂತವಲ್ಲದೆ ಹೋಗಲಿಲ್ಲ.

ಆಧುನಿಕ ನ್ಯಾಯಶಾಸ್ತ್ರವು ಹಿಡಿದ ದಾರಿ ಬೇರೆ. ಈ ಮೂರು ತಾಲ್ಲೂಕುಗಳು ೧೯೫೬ರವರೆಗೆ ಹೈದರಾಬಾದ್ ಸಂಸ್ಥಾನಕ್ಕೂ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದವು. ಅಲ್ಲಿನ ಫಸಲಿ ೧೩೦೫ರ ಜೂಜಿನ ಕಾಯಿದೆಯು ಕೌಶಲದ ಆಟಗಳನ್ನು ಹೊರಗಿಟ್ಟಿದ್ದಿತು. ಆ ಕಾಯಿದೆಯ ಮೇರೆಗೆ ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ೧೯೬೭ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಮಾನಿಸಿತು. ಇಂದಿಗೂ ವಕೀಲರು ಎತ್ತಿಹೇಳುವುದು ಈ ಅರ್ಧವನ್ನೇ. ಅದೇ ತೀರ್ಪಿನ ಉಳಿದರ್ಧದಲ್ಲಿ, ಮನೆಯೊಡೆಯನಾಗಲಿ ಕ್ಲಬ್ಬಾಗಲಿ ಪಣದ ಆಟದಿಂದ ಲಾಭವನ್ನು ಪಡೆಯುತ್ತಿದ್ದರೆ ಅಪರಾಧವು ಸಿದ್ಧವಾಗಬಹುದೆಂದು ನ್ಯಾಯಾಧೀಶರು ಸ್ಪಷ್ಟಪಡಿಸಿದ್ದಾರೆ. ಇಸ್ಪೀಟಿಗೂ ಕೂಡುವ ಸ್ಥಳಕ್ಕೂ ತಕ್ಕಮಟ್ಟಿನ ಶುಲ್ಕವನ್ನು ಪಡೆದರೆ ಅದು ಲಾಭವೆನಿಸದೆಂದೂ ತಿಳಿಸಿದ್ದಾರೆ. ಇದು ವಿಜ್ಞಾನೇಶ್ವರನ ಸಭಿಕನನ್ನೇ ಮತ್ತೊಮ್ಮೆ ಕಟಕಟೆಗೆ ಕರೆದಂತಲ್ಲವೆ? ಈ ಉಳಿದರ್ಧವನ್ನು ಹಿಂಬಾಲಿಸಿದ್ದರೆ ಮುಂದಿನ ಅರ್ಧ ಶತಮಾನದ ಗೊಂದಲವು ಬಹಳ ಮಟ್ಟಿಗೆ ತಪ್ಪುತ್ತಿತ್ತೆಂಬುದು ನಮ್ಮ ಮತ.

ಕರ್ನಾಟಕ ಸರಕಾರವು ೧೯೬೩ರ ಪೋಲೀಸ್ ಕಾಯಿದೆಗೆ ತಂದ ತಿದ್ದುಪಡಿಯು ೨೦೨೧ರ ಅಕ್ಟೋಬರ್ ೫ರಂದು ಜಾರಿಗೆ ಬಂದು, ಕೌಶಲದ ಆಟಕ್ಕೆ ಪಣವಿಡುವುದನ್ನೂ ಅಪರಾಧವೆಂದಿತು. ಲಾಟರಿಯನ್ನೂ ಪಂದ್ಯದ ಮೈದಾನದಲ್ಲಿನ ಕುದುರೆಯ ಜೂಜನ್ನೂ ಮಾತ್ರ ಬಿಟ್ಟಿತು. ದ್ಯೂತಕ್ಕೆ ದಂಡ, ಸಮಾಹ್ವಯಕ್ಕೆ ವಿನಾಯಿತಿ! ಕಲ್ಯಾಣದ ಪಂಡಿತನು ಇದನ್ನು ಕಂಡಿದ್ದರೆ ಒಂದು ಪೂರ್ವಪಕ್ಷವನ್ನಾದರೂ ಬರೆಯುತ್ತಿದ್ದನು. ಅಖಿಲ ಭಾರತ ಗೇಮಿಂಗ್ ಫೆಡರೇಷನ್ನಿನವರ ಮತ್ತಿತರರ ಅರ್ಜಿಗಳ ಮೇಲೆ ನಮ್ಮ ಹೈಕೋರ್ಟು ೨೦೨೨ರ ಫೆಬ್ರವರಿ ೧೪ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಿಂಧುವೆಂದಿತು.

ಬಳಿಕ ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದ ಕೇಂದ್ರದ ಆನ್‌ಲೈನ್ ಆಟಗಳ ಅಧಿನಿಯಮವು ಕೌಶಲ ದೈವಗಳ ಭೇದವನ್ನೇ ಕೈಬಿಟ್ಟಿತು. ಹಣವನ್ನು ಗೆಲ್ಲುವ ನಿರೀಕ್ಷೆಯಿಂದ ಹಣ ಕೊಟ್ಟು ಆಡುವುದೆಲ್ಲ ಹಣದಾಟ, ಅದನ್ನು ನಡೆಯಿಸುವುದು ನಿಷಿದ್ಧ; ನಡೆಯಿಸಿದವನಿಗೆ ೩ ವರ್ಷಗಳವರೆಗೆ ಸೆರೆ ಮತ್ತು ೧ ಕೋಟಿ ರೂಪಾಯಿಗಳವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ದೃಷ್ಟಿಯು ಆಟಗಾರನಿಂದ ಸಭಿಕನ ಕಡೆಗೆ ತಿರುಗಿದುದು ಮೆಚ್ಚತಕ್ಕ ಅಂಶ. ಪಂದ್ಯದ ಆಟಗಳಿಗೆ, ಎಂದರೆ ಇ-ಸ್ಪೋರ್ಟ್ಸ್ ಎಂಬುವಕ್ಕೆ, ಈ ಅಧಿನಿಯಮದಲ್ಲಿ ಮಾನ್ಯತೆಯಿದೆ: ಪ್ರವೇಶಶುಲ್ಕವಿರಬಹುದು, ಬಹುಮಾನವಿರಬಹುದು, ಬಾಜಿ ಮಾತ್ರ ಕೂಡದು. ೨೦೧೮ರ ಜಕಾರ್ತದ ಏಷ್ಯಾ ಕ್ರೀಡಾಕೂಟದಲ್ಲಿ ಪ್ರದರ್ಶನದ ಆಟವಾಗಿದ್ದುದು ೨೦೨೩ರಲ್ಲಿ ಹಾಂಗ್‌ಝೌನಲ್ಲಿ ಪದಕದ ಆಟವಾದ ಮೇಲೆ ಇಂತಹ ಮಾನ್ಯತೆಯು ತಡವಾದುದಲ್ಲದೆ ಆತುರದ್ದಲ್ಲ.

ಆದರೆ ಈ ಅಧಿನಿಯಮದ ಗೆರೆಯು ಎಲ್ಲಿ ಮಸುಕಾಗುತ್ತದೆಂಬುದನ್ನು ನೋಡಬೇಕು. ಹೆಚ್ಚುವರಿ ಪದಾರ್ಥಗಳ ಮಾರಾಟದಲ್ಲಿ ಮೂರು ಬಗೆಗಳುಂಟು. ಬರಿಯ ಅಲಂಕಾರ ಮೊದಲನೆಯದು. ೨೦೦೬ರಲ್ಲಿ ಅಮೆರಿಕದ ಒಂದು ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಜನರು ನಕ್ಕರು, ಬೈದರು, ಕೊಂಡರು. ಇದರಲ್ಲಿ ಸೋಲುಗೆಲುವಿನ ಮಾತಿಲ್ಲ. ಎರಡನೆಯದು ಬಲವನ್ನೇ ಮಾರುವುದು. ಫ್ರೀ ಫೈರ್ ಎಂಬ ಆಟದಲ್ಲಿ ಹಣ ಕೊಟ್ಟು ಪಡೆಯಬಹುದಾದ ಪಾತ್ರಗಳಿಗೆ ವಿಶೇಷ ಶಕ್ತಿಗಳಿವೆ. ಬಲವನ್ನು ಮಾರಿದಲ್ಲಿ ಪಂದ್ಯವು ಕ್ರೀಡೆಯಾಗಿ ಉಳಿಯದು. ಗೆದ್ದವನ ಕೌಶಲವನ್ನು ಅವನ ಥೈಲಿಯಿಂದ ಬೇರ್ಪಡಿಸಲು ಯಾವ ನಿರ್ಣಾಯಕನಿಗೂ ಸಾಧ್ಯವಿಲ್ಲ. ಆದರೂ ಇವೆರಡರಲ್ಲಿ ಕೊಳ್ಳುವವನಿಗೆ ತಾನು ಕೊಳ್ಳುವುದೇನೆಂದು ಗೊತ್ತು.

ಮೂರನೆಯದಾದ ಮುಚ್ಚಿದ ಪೆಟ್ಟಿಗೆಯಲ್ಲಿ ಅದೂ ಗೊತ್ತಿಲ್ಲ. ಹಣ ಮೊದಲು, ಒಳಗಿರುವುದೇನೆಂಬುದು ಆಮೇಲೆ. ೨೦೧೭ರ ನವೆಂಬರಿನಲ್ಲಿ ಸ್ಟಾರ್ ವಾರ್ಸ್ ಹೆಸರಿನ ಯುದ್ಧದ ಆಟದಲ್ಲಿ ಬಲವನ್ನೂ ಪೆಟ್ಟಿಗೆಯನ್ನೂ ಒಂದುಗೂಡಿಸಿದಾಗ ಆಟಗಾರರ ಕೋಪವು ಎಷ್ಟು ಪ್ರಬಲವಾಯಿತೆಂದರೆ ಪ್ರಕಾಶಕರು ಮಾರಾಟವನ್ನು ಹಿಂತೆಗೆಯಬೇಕಾಯಿತು. ಮರುವರ್ಷದ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಜೂಜಿನ ಆಯೋಗವು ಇಂತಹ ಪೆಟ್ಟಿಗೆಗಳನ್ನು ಜೂಜೆಂದು ನಿರ್ಣಯಿಸಿತು: ಒಳಗಿನ ವಸ್ತುವನ್ನು ಹಣಕ್ಕೆ ಮಾರಲು ಬಾರದಿದ್ದರೂ ಆಟಗಾರನು ಅದಕ್ಕೆ ಬೆಲೆ ಕಟ್ಟಿದರೆ ಸಾಕೆಂಬುದು ಅದರ ತರ್ಕ. ನೆದರ್ಲೆಂಡಿನ ಆಯೋಗವು ಹಣಕ್ಕೆ ಮಾರಬಹುದಾದುದನ್ನು ಮಾತ್ರ ಜೂಜೆಂದಿತು. ಒಂದು ಸಂಸ್ಥೆಗೆ ಅದು ವಿಧಿಸಿದ್ದ ೧ ಕೋಟಿ ಯೂರೋಗಳ ದಂಡವನ್ನು ೨೦೨೨ರ ಮಾರ್ಚಿನಲ್ಲಿ ಆ ದೇಶದ ಮೇಲ್ನ್ಯಾಯಾಸ್ಥಾನವು ರದ್ದುಪಡಿಸಿತು. ನಮ್ಮ ಅಧಿನಿಯಮವು ನಾಣ್ಯ, ಟೋಕನ್ ಮೊದಲಾದವನ್ನು ಪಣವೆಂದು ಎಣಿಸುತ್ತದೆಯಾದರೂ, ಗೆದ್ದುದು ಧನಲಾಭವಾಗಬೇಕೆಂಬ ಭಾಷೆಯನ್ನು ಇಟ್ಟುಕೊಂಡಿದೆ. ಹಣವಾಗಿ ಮಾರ್ಪಡದ ಪದಾರ್ಥವುಳ್ಳ ಪೆಟ್ಟಿಗೆಯನ್ನು ಅದು ಹೆಸರಿಟ್ಟು ಹೇಳಿಲ್ಲ. ಹಣ ಗೆಲ್ಲುವ ಆಸೆಯಿಲ್ಲದೆ ಬರಿಯ ಬಣ್ಣದ ಅಂಗಿಗಾಗಿ ಪೆಟ್ಟಿಗೆಗಳನ್ನು ಒಡೆಯುತ್ತ ಹೋಗುವ ಹುಡುಗನು ಈ ಭಾಷೆಯ ಬಲೆಯ ಕಣ್ಣಿನಲ್ಲಿ ನುಸುಳಿಹೋಗುತ್ತಾನೆ, ಅವನೊಡನೆ ಸಭಿಕನೂ.

ಇಲ್ಲಿ ಮಿತಾಕ್ಷರೆಯ ಎರಡು ತತ್ತ್ವಗಳು ಉಪಯೋಗಕ್ಕೆ ಬರುತ್ತವೆ. ಹಳೆಯ ಜೂಜಿನ ಮನೆಯಲ್ಲಿ ದಾಳವು ಎಲ್ಲರ ಕಣ್ಣಮುಂದೆ ಉರುಳುತ್ತಿತ್ತು. ಆದುದರಿಂದಲೇ ಆಡುವವರು ಸಾಕ್ಷಿಗಳಾಗಬಲ್ಲವರಾಗಿದ್ದರು. ಪೆಟ್ಟಿಗೆಯ ದಾಳವು ಸಭಿಕನ ಯಂತ್ರದೊಳಗೆ ಉರುಳುತ್ತದೆ, ಅದಕ್ಕೆ ಸಾಕ್ಷಿಯಿಲ್ಲ. ಚೀನಾ ದೇಶವು ೨೦೧೭ರ ಮೇ ತಿಂಗಳಿಂದ ಯಾವ ವಸ್ತು ಎಷ್ಟು ಸಾರಿಗೊಮ್ಮೆ ಬರುವುದೆಂಬ ಲೆಕ್ಕವನ್ನು ಪ್ರಕಟಿಸಬೇಕೆಂದು ವಿಧಿಸಿದುದು ಈ ಕೊರತೆಗೆ ಅರ್ಧ ಪರಿಹಾರ. ಇನ್ನೊಂದು ತತ್ತ್ವವು ಸ್ವತ್ವದ್ದು. ಸ್ವತ್ವವು ಲೌಕಿಕವಾದುದು, ಅಕ್ಕಿ ಮುಂತಾದವುಗಳಂತೆ ಲೋಕವ್ಯವಹಾರಕ್ಕೆ ಸಾಧನವಾಗುವುದೇ ಅದರ ಗುರುತೆಂದು ದಾಯಭಾಗದ ಆರಂಭದಲ್ಲಿ ವಿಜ್ಞಾನೇಶ್ವರನು ಸಾಧಿಸಿದ್ದಾನೆ. ಆಟದ ಅಂಗಡಿಯಲ್ಲಿ ಕೊಂಡ ಅಂಗಿಯನ್ನು ಸಾಮಾನ್ಯವಾಗಿ ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ, ತಮ್ಮನಿಗೆ ಹಂಚುವಂತಿಲ್ಲ. ಕರಾರುಪತ್ರವು ಅದನ್ನು ಹಿಂತೆಗೆಯಬಹುದಾದ ಅನುಮತಿಯೆಂದು ಕರೆಯುತ್ತದೆ. ಕ್ರಯವೆಂದು ಕೂಗಿ ಮಾರಿ ಸ್ವತ್ವವನ್ನು ಕೊಡದಿರುವ ಈ ವ್ಯಾಪಾರಕ್ಕೆ ಜೂಜಿನ ಹೆಸರು ಸಲ್ಲದಿದ್ದರೂ ಬೇರೆ ಹೆಸರುಗಳು ವ್ಯವಹಾರಾಧ್ಯಾಯದಲ್ಲಿ ದೊರೆಯದೆ ಹೋಗವು.

ಪ್ರತಿಪಕ್ಷದವರ ಮಾತಿನಲ್ಲಿಯೂ ತೂಕವಿದೆ. ಕೆಲವರು ಕೊಳ್ಳುವುದರಿಂದ ಉಳಿದವರೆಲ್ಲರಿಗೆ ಆಟವು ಉಚಿತವಾಗಿದೆ. ಅಲಂಕಾರದ ಮಾರಾಟವನ್ನು ನಿಲ್ಲಿಸಿ ಪ್ರವೇಶಕ್ಕೆ ಬೆಲೆಯಿಟ್ಟರೆ ಮೊದಲು ಹೊರಗುಳಿಯುವವನು ಅಫಜಲಪುರದ ಹುಡುಗನೇ ಎಂದು ಅವರು ಹೇಳುತ್ತಾರೆ. ಇದು ನಿಜ. ಇದರಿಂದ ಮೊದಲನೆಯ ಬಗೆಯು ಸಮರ್ಥಿತವಾಗುತ್ತದೆ. ಬೆಲೆಯನ್ನೂ ವಸ್ತುವನ್ನೂ ತೋರಿಸಿ ಅಂಗಿಯನ್ನು ಮಾರಿದರೆ ನಮ್ಮ ಆಕ್ಷೇಪವಿಲ್ಲ. ಪೆಟ್ಟಿಗೆಯನ್ನು ಮುಚ್ಚಿಯೇ ಮಾರಬೇಕಾದ ಅಗತ್ಯವೇನೆಂಬುದಕ್ಕೆ ಈ ವಾದದಲ್ಲಿ ಉತ್ತರವಿಲ್ಲ.

ಪಂದ್ಯ ಮತ್ತು ಮಾರಾಟ ಎಂಬ ಎರಡು ಕವಲುಗಳು ಒಂದಾಗುವ ಸ್ಥಳವು ಬಹುಮಾನದ ನಿಧಿ. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲಯುದ್ಧ, ಕೋಳಿಯಂಕಗಳನ್ನು ವಿನೋದಗಳ ವಿಂಶತಿಯಲ್ಲಿಯೂ, ಚದುರಂಗ ಪಗಡೆಗಳನ್ನು ಕ್ರೀಡೆಗಳ ವಿಂಶತಿಯಲ್ಲಿಯೂ ಇಟ್ಟಿದ್ದಾನೆ. ನೋಡಿ ಸಂತೋಷಪಡುವುದು ಒಂದು, ತಾನೇ ಆಡುವುದು ಇನ್ನೊಂದು ಎಂಬ ವಿವೇಕವು ಇದರಲ್ಲಿರುವಂತೆ ತೋರುತ್ತದೆ. ಇಂದಿನ ಪಂದ್ಯದಾಟದಲ್ಲಿ ಆಡುವವನೇ ನೋಡುವವನು, ನೋಡುವವನೇ ಕೊಳ್ಳುವವನು. ವಾಲ್ವ್ ಎಂಬ ಅಮೆರಿಕದ ಸಂಸ್ಥೆಯು ತನ್ನ ಡೋಟಾ ಆಟದ ವಾರ್ಷಿಕ ಮಹಾಪಂದ್ಯಕ್ಕೆ ೨೦೧೩ರಿಂದ ಪ್ರೇಕ್ಷಕರಿಗೆ ಸಂಚಿಕೆಯೊಂದನ್ನು ಮಾರಿ, ಬಂದ ಹಣದಲ್ಲಿ ನೂರಕ್ಕೆ ೨೫ನ್ನು ಬಹುಮಾನಕ್ಕೆ ಸೇರಿಸುತ್ತ ಬಂದಿತು; ೨೦೨೧ರಲ್ಲಿ ಆ ನಿಧಿಯು ೪ ಕೋಟಿ ಡಾಲರುಗಳನ್ನು ಮೀರಿತು. ಪ್ರೇಕ್ಷಕರ ಔದಾರ್ಯವೆಂದು ಇದನ್ನು ಹೊಗಳಿದವರು ಉಳಿದ ೭೫ನ್ನು ಕುರಿತು ಮೌನವಾಗಿದ್ದರು. ನಮ್ಮ ಬಯಲುಸೀಮೆಯ ಜಾತ್ರೆಗಳಲ್ಲಿ ಕುಸ್ತಿಯ ಬೆಳ್ಳಿಯ ಕಡಗಕ್ಕೂ ಊರವರೇ ವಂತಿಗೆಯೆತ್ತುವುದುಂಟು. ಆ ವಂತಿಗೆಯನ್ನು ಕೊಟ್ಟವನಿಗೆ ಪ್ರತಿಯಾಗಿ ಯಾವ ಅಲಂಕಾರವೂ ದೊರೆಯುವುದಿಲ್ಲ; ಕಣವನ್ನು ಹದಮಾಡಿದವನು ಮುಕ್ಕಾಲು ಪಾಲನ್ನು ಕೇಳುವುದೂ ಇಲ್ಲ. ಸಂಸ್ಥೆಗೆ ಆಟವನ್ನು ಕಟ್ಟಿದ ವೆಚ್ಚವಿದೆ, ಯಂತ್ರಗಳನ್ನು ನಡೆಯಿಸುವ ವೆಚ್ಚವಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಜೂಜಿನ ಮನೆಯವನಿಗೂ ದೀಪದ ಎಣ್ಣೆಯ ಖರ್ಚು ಇದ್ದೇ ಇದ್ದಿತು. ಆದರೂ ಅವನ ಪಾಲನ್ನು ೫ ಎಂದೋ ೧೦ ಎಂದೋ ಮೊದಲೇ ಬರೆದಿಟ್ಟಿದ್ದರು, ಮತ್ತು ಅದನ್ನು ಬರೆದವರು ಸಭಿಕರಾಗಿರಲಿಲ್ಲ.