ತತ್ತ್ವಪದದ ರಾಕ್ ರೂಪ: ‘ಅಂತರಾಗ್ನಿ’ಯ ಒಂದು ಹಾಡು

ತತ್ತ್ವಪದಗಳನ್ನು ಆಧುನಿಕ ವಾದ್ಯಗಳೊಡನೆ ಹಾಡಿದಾಗಲೆಲ್ಲ ‘ಮೂಲ ಧಾಟಿ ಕೆಟ್ಟಿತು’ ಎಂಬ ಆಕ್ಷೇಪ ಕೇಳಿಬರುತ್ತದೆ. ಇದನ್ನು ಪರಿಶೀಲಿಸಲು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರು 2008ರಲ್ಲಿ ಹೊರತಂದ ‘ಅಂತರಾಗ್ನಿ’ ಧ್ವನಿಮುದ್ರಿಕೆ ಸೂಕ್ತ ನಿದರ್ಶನವಾಗಿದೆ. ಚಲನಚಿತ್ರದ ಆಶ್ರಯವಿಲ್ಲದೆ ಸ್ವತಂತ್ರವಾಗಿ ರೂಪುಗೊಂಡ, ಕನ್ನಡ, ಹಿಂದಿ, ಇಂಗ್ಲಿಷ್ ಗೀತೆಗಳ ಈ ಸಂಕಲನದಲ್ಲಿ ಶಿಶುನಾಳ ಶರೀಫರ (1819–1889) ‘ಗುಡುಗುಡಿಯ ಸೇದಿ ನೋಡೊ’ ಪದವು ಗಿಟಾರ್, ಪಿಟೀಲು, ಡ್ರಮ್‌ಗಳೊಡನೆ ರಾಕ್ ರೂಪ ಪಡೆದಿದೆ.

ಮೂಲ ಧಾಟಿ ಯಾವುದು ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಶಿವಮೊಗ್ಗ ನಗರ ಹಾಗೂ ಆಕಾಶವಾಣಿ ಕೇಂದ್ರವಿರುವ ಭದ್ರಾವತಿಯ ಕೇಳುಗರಿಗೆ ಶರೀಫರ ಪದವೆಂದರೆ ಬಹುಮಟ್ಟಿಗೆ ನೆನಪಾಗುವುದು ಸಿ. ಅಶ್ವಥ್ ಅವರ ಸ್ವರಸಂಯೋಜನೆ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ಕಂಠ. ಧ್ವನಿಸುರುಳಿ, ಬಾನುಲಿ ಹಾಗೂ 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ಈ ಪದಗಳನ್ನು ಮನೆಮನೆಗೆ ತಲುಪಿಸಿದವು. ಆದರೆ ಏಕತಾರಿ, ದಮ್ಮಡಿ, ತಾಳಗಳ ಭಜನಾ ಮೇಳದಿಂದ ಸುಗಮ ಸಂಗೀತದ ವೇದಿಕೆಗೆ ಬಂದಾಗಲೇ ಪದವು ಒಮ್ಮೆ ರೂಪಾಂತರಗೊಂಡಿತ್ತು. ಆದ್ದರಿಂದ ರಾಕ್ ರೂಪವನ್ನು ಸುಗಮ ಸಂಗೀತದ ಧಾಟಿಯೊಡನೆ ಹೋಲಿಸಿ ‘ಮೂಲ’ ಕೆಟ್ಟಿತೆನ್ನುವವರು ಒಂದು ಆಧುನಿಕ ರೂಪವನ್ನು ಇನ್ನೊಂದರಿಂದ ಅಳೆಯುತ್ತಿರುತ್ತಾರೆ.

ಹಾಗೆಂದು ಈ ಪ್ರಯೋಗ ವಿಮರ್ಶಾತೀತವಲ್ಲ. ಹುಕ್ಕಾ ಸೇದುವ ನಿತ್ಯದ ಕ್ರಿಯೆಯನ್ನೇ ಸಾಧನೆಯ ರೂಪಕವಾಗಿಸಿದ ಈ ಪದದಲ್ಲಿ ಲೌಕಿಕ ಅಮಲು ಮತ್ತು ಅನುಭಾವದ ಅಮಲು ಒಂದರೊಳಗೊಂದು ಬೆರೆತಿವೆ. ಮರುಕಳಿಸುವ ಗಿಟಾರಿನ ಲಯವು ಆ ಅಮಲನ್ನು ಸಮರ್ಥವಾಗಿ ಹಿಡಿಯುತ್ತದೆ. ಇದು ಸುಗಮ ಸಂಗೀತದ ಲಾಲಿತ್ಯಕ್ಕೆ ಸುಲಭವಾಗಿ ಒಗ್ಗದ ಗುಣ. ಆದರೆ ಲಯದ ಆವೇಶದಲ್ಲಿ ಬೆಡಗಿನ ಅರ್ಥವನ್ನು ಬಿಡಿಸಿಕೊಳ್ಳುವ ಬಿಡುವು ಕೇಳುಗನಿಗೆ ಕಡಿಮೆಯಾಗುತ್ತದೆ. ಭಜನಾ ಮೇಳದಲ್ಲಿ ಮುಮ್ಮೇಳದವರು ಹೇಳಿದ ಸಾಲನ್ನು ಹಿಮ್ಮೇಳದವರು ಮರಳಿ ಹೇಳುವಾಗ ಆ ಬಿಡುವು ತಾನಾಗಿ ದೊರೆಯುತ್ತಿತ್ತು. ಹಾಡುವವರೂ ಕೇಳುವವರೂ ಬೇರೆಯಾಗದಿದ್ದ ಆ ವ್ಯವಸ್ಥೆಯನ್ನು ಧ್ವನಿಮುದ್ರಣ ಮುರಿದಿದೆ. ಈ ನಷ್ಟದಲ್ಲಿ ಧ್ವನಿಸುರುಳಿ ಮತ್ತು ರಾಕ್ ಸಂಕಲನ ಎರಡೂ ಪಾಲುದಾರರು.

ಅಶ್ವಥ್ 2009ರಲ್ಲಿ, ಸುಬ್ಬಣ್ಣ 2022ರಲ್ಲಿ ನಿಧನರಾದರು. ಅವರ ಹಾಡಿಕೆ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಮೇಳಗಳ ಹಾಡಿಕೆಗೆ ಅಂಥ ರಕ್ಷಣೆಯಿಲ್ಲ. ಹಿರಿಯ ಹಾಡುಗಾರರು ತೀರಿಕೊಂಡಂತೆ ಅವರ ಧಾಟಿಯೂ ಅವರೊಡನೆ ಹೋಗುತ್ತದೆ. ಶಿವಮೊಗ್ಗ, ಭದ್ರಾವತಿಗಳ ಹಾಗೂ ಸುತ್ತಲಿನ ಹಳ್ಳಿಗಳ ಭಜನಾ ಮಂಡಳಿಗಳಲ್ಲಿ ಉಳಿದಿರುವ ಧಾಟಿಗಳನ್ನು ದಾಖಲಿಸದೆ ‘ಅಂತರಾಗ್ನಿ’ಯನ್ನು ಹಳಿಯುವುದಾಗಲಿ ಹೊಗಳುವುದಾಗಲಿ ಜಾನಪದ ವಿಮರ್ಶೆ ಎನಿಸಲಾರದು. ಅಳತೆಗೋಲೇ ಕೈತಪ್ಪುತ್ತಿರುವಾಗ ಕ್ಷೇತ್ರಕಾರ್ಯವೇ ವಿಮರ್ಶೆಯ ಮೊದಲ ಹೊಣೆಯಾಗಬೇಕಾಗಿದೆ.