ಅಂಕಿತವಿಲ್ಲದ ಸ್ವರಗಳು

ವಾಗ್ಗೇಯಕಾರರ ಸ್ಮರಣೆಯೆಂದರೆ ಅವರ ಕೃತಿಗಳ ಗಾನವೇ ಎಂಬುದನ್ನು ಚೆನ್ನೈಯ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಪುಷ್ಯ ಬಹುಳ ಪಂಚಮಿಯಂದು ಪಂಚರತ್ನ ಕೃತಿಗಳ ಗೋಷ್ಠಿಗಾನ, ಅಮಾವಾಸ್ಯೆಯಂದು ದೇವರನಾಮಗಳು: ಆರಾಧನೆಯ ಸಾರವಿಷ್ಟೆ. ದಾಸರ ಪದಗಳಿಗೆ ಇನ್ನೊಂದು ರಕ್ಷೆಯೂ ಉಂಟು. ‘ಪುರಂದರವಿಠಲ’ ಎಂಬ ಅಂಕಿತವು ಹಾಡಿನೊಳಗೇ ನೆಲೆಸಿರುವುದರಿಂದ, ಹಾಡುವವನು ಮರೆತರೂ ಹಾಡು ತನ್ನ ಕರ್ತೃವನ್ನು ಮರೆಯದು.

ಈ ರಕ್ಷೆಯಿಲ್ಲದ ಸಂಗೀತದ ಗತಿಯೇನು? ವಾಲ್ಟರ್ ಕೌಫ್‌ಮನ್ನರ ಉದಾಹರಣೆ ವಿಚಾರಾರ್ಹವಾಗಿದೆ. 1907ರಲ್ಲಿ ಬೊಹೀಮಿಯದ ಕಾರ್ಲ್ಸ್‌ಬಾಡಿನಲ್ಲಿ ಜನಿಸಿದ ಈ ಯೆಹೂದಿ ಸಂಗೀತಜ್ಞರು, ಜರ್ಮನಿಯಲ್ಲಿ ನಾಟ್ಸಿಗಳು ಅಧಿಕಾರಕ್ಕೇರಿದ ಮರುವರ್ಷ, 1934ರಲ್ಲಿ ಮುಂಬಯಿಗೆ ಬಂದರು; 1937ರಿಂದ 1946ರವರೆಗೆ ಅಲ್ಲಿನ ರೇಡಿಯೋ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದರು. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಶಿವರಂಜನಿಯ ಛಾಯೆಯಲ್ಲಿ ನುಡಿಯುವ ಆಕಾಶವಾಣಿಯ ಸಂಕೇತಧ್ವನಿ ಅವರ ರಚನೆಯೆಂದೇ ಪ್ರಸಿದ್ಧ. ಮದರಾಸಿನ ಮನೆಮನೆಗಳಲ್ಲಿಯೂ ಬೆಳಗಾದದ್ದು ಆ ಧ್ವನಿಯಿಂದಲೇ. ಸ್ವರ ಕೇಳಿದವರು ಕೋಟ್ಯಂತರ. ಹೆಸರು ಕೇಳಿದವರು ವಿರಳ. 1976ರಲ್ಲಿ ದಕ್ಷಿಣ ಭಾರತದ ರಾಗಗಳ ಬೃಹತ್ ಸೂಚಿಯೊಂದನ್ನು ಪ್ರಕಟಿಸಿದವರೂ ಇವರೇ. ಇವರ ತಂತಿವಾದ್ಯ ಚತುಷ್ಟಯಗಳು ಬಹುಕಾಲ ಮೂಲೆಗುಂಪಾಗಿದ್ದವು, ಟೊರಾಂಟೋದ ಎ.ಆರ್.ಸಿ. ಮೇಳವು ಅವುಗಳಲ್ಲಿ ಕೆಲವನ್ನು ನುಡಿಸಿ, 2020ರಲ್ಲಿ ಧ್ವನಿಮುದ್ರಿಕೆಯಾಗಿ ಹೊರತಂದಿತು.

ಆದರೆ ನುಡಿಸಿದ ಮಾತ್ರಕ್ಕೇ ಸ್ಮರಣೆಯಾಗದು. ಟೆರೆಜಿನ್ ಬಂಧನಶಿಬಿರದಲ್ಲಿ ಹಾನ್ಸ್ ಕ್ರಾಸಾ ಅವರ ಮಕ್ಕಳ ಗೀತನಾಟಕ ‘ಬ್ರುಂಡಿಬಾರ್’ 1943ರಿಂದ ಮೊದಲ್ಗೊಂಡು ಸುಮಾರು 55 ಬಾರಿ ರಂಗವೇರಿತು. 1944ರ ಜೂನ್‌ನಲ್ಲಿ ಬಂದ ರೆಡ್‌ಕ್ರಾಸ್ ನಿಯೋಗದ ಕಣ್ಣಿಗೆ ಮಣ್ಣೆರಚಲು ಅಧಿಕಾರಿಗಳು ಬಳಸಿದ್ದೂ ಅದನ್ನೇ. ಅದೇ ಅಕ್ಟೋಬರ್‌ನಲ್ಲಿ ಕ್ರಾಸಾ ಅವರನ್ನು ಆಶ್‌ವಿಟ್ಸಿಗೆ ಸಾಗಿಸಿ ಕೊಂದರು. ಅವರೊಡನೆ ಹತರಾದ ವಿಕ್ಟರ್ ಉಲ್ಮನ್ನರು ಶಿಬಿರದಲ್ಲಿ ಬರೆದ ‘ಅಟ್ಲಾಂಟಿಸ್ಸಿನ ಚಕ್ರವರ್ತಿ’ ಎಂಬ ಗೀತನಾಟಕವು ಮೊದಲು ರಂಗ ಕಂಡದ್ದು 1975ರಲ್ಲಿ, ಆಮ್‌ಸ್ಟರ್‌ಡಾಮಿನಲ್ಲಿ. ಒಂದೆಡೆ ಪ್ರದರ್ಶನವೇ ಸುಳ್ಳಿಗೆ ಪರದೆಯಾಯಿತು. ಇನ್ನೊಂದೆಡೆ ಕೃತಿ ಕರ್ತೃವನ್ನು ಮೂರು ದಶಕ ಮೀರಿ ಉಳಿದು ಸಾಕ್ಷಿ ನುಡಿಯಿತು.

ಇಲ್ಲಿ ವಿಮರ್ಶಕನಿಗೆ ಒಂದು ಧರ್ಮಸಂಕಟವಿದೆ. ಇಂಥ ಸಂಗೀತವನ್ನು ಕೇಳುವಾಗ ಕನಿಕರವು ವಿವೇಚನೆಯ ಪೀಠವನ್ನು ಆಕ್ರಮಿಸುವುದು ಸುಲಭ. ಕೊಂದವರು ಈ ಜನರನ್ನು ಅವರ ಕುಲದಿಂದ ಮಾತ್ರ ಗುರುತಿಸಿದರು. ಕೇಳುವವರು ಅವರನ್ನು ಮರಣದಿಂದ ಮಾತ್ರ ಗುರುತಿಸಿದರೆ, ಅವರ ಕಲೆಗೆ ಎರಡನೆಯ ಬಾರಿ ಅನ್ಯಾಯವಾದಂತೆ. ತ್ಯಾಗರಾಜರ ಕೃತಿಯನ್ನು ತೂಗಿನೋಡುವ ರಸಿಕನ ಕಿವಿ ಕೌಫ್‌ಮನ್ನರ ಚತುಷ್ಟಯವನ್ನೂ ತೂಗಲಿ: ರಾಗದ ನೆರಳು ಯೂರೋಪಿನ ರೂಪಬಂಧದೊಳಗೆ ಎಲ್ಲಿ ಜೀವಂತವಾಗಿದೆ, ಎಲ್ಲಿ ಬರಿಯ ಅಲಂಕಾರವಾಗಿದೆ ಎಂದು ನಿರ್ದಾಕ್ಷಿಣ್ಯವಾಗಿ ಕೇಳಲಿ. ಚೆನ್ನೈಯ ಸಭೆಯೊಂದು ಆ ಹೆಸರನ್ನು ಸಾರಿ, ಚರಿತ್ರೆಯನ್ನು ತಿಳಿಸಿ, ಕೃತಿಯನ್ನು ಪೂರ್ತಿ ನುಡಿಸಿದರೆ, ಸ್ವರದಲ್ಲಿಲ್ಲದ ಅಂಕಿತವನ್ನು ಶ್ರೋತೃಗಳೇ ಒತ್ತಿದಂತಾಗುತ್ತದೆ.